ಮೋನೋಕ್ರೋಟೋಫಾಸ್: ನೀರಲ್ಲಿ ಕರಗುವ ಗುಣದಿಂದ ಓದು ಶುರು ಮಾಡಿ

ಕೀಟನಾಶಕಗಳ ವಿಷಗುಣದ ಬಗ್ಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಆರ್ಗನೋಫಾಸ್ಫೇಟ್, ಅಂದರೆ ರಂಜಕ ಇರುವ ಕೀಟನಾಶಕಗಳ ಗುಂಪಿನಲ್ಲಿ ಹತ್ತಾರು ಹೆಸರುಗಳಿವೆ. ಎಲ್ಲವನ್ನೂ ಉರು ಹೊಡೆಯಲು ಹೋದರೆ ತಲೆ ಕೆಡುತ್ತದೆ. ಒಂದನ್ನು ಸರಿಯಾಗಿ ತಿಳಿದುಕೊಂಡು, ಉಳಿದವನ್ನು ಅದರ ಪಕ್ಕ ಇಟ್ಟು ನೋಡುವುದು ವಾಸಿ. ನಾನು ಆರಿಸಿಕೊಂಡದ್ದು ಮೋನೋಕ್ರೋಟೋಫಾಸ್. ಏಕೆಂದರೆ ಅದನ್ನು ಪುಸ್ತಕಕ್ಕಿಂತ ಮೊದಲು ತೋಟದಲ್ಲಿ ನೋಡಿದ್ದೆ.

ತಿಪಟೂರು ಕಡೆ ನಮ್ಮದು ತೆಂಗಿನ ತೋಟ. ನಾನು ಚಿಕ್ಕವನಿದ್ದಾಗ ಒಂದು ವರ್ಷ ಕಪ್ಪು ತಲೆ ಹುಳು ಬಿತ್ತು. ಗರಿಯೆಲ್ಲ ಒಣಗಿ, ಮರಗಳು ದೂರದಿಂದ ಬೆಂಕಿ ತಗುಲಿದ ಹಾಗೆ ಕಾಣುತ್ತಿದ್ದವು. ಅಷ್ಟೆತ್ತರದ ಮರಕ್ಕೆ ಔಷಧಿ ಹೊಡೆಯುವುದು ಹೇಗೆ? ಅಪ್ಪ ಮರದ ಬುಡದಲ್ಲಿ ಸ್ವಲ್ಪ ಮಣ್ಣು ಬಗೆದು ಪೆನ್ಸಿಲ್ ದಪ್ಪದ ಒಂದು ಜೀವಂತ ಬೇರು ಹುಡುಕಿದರು. ಅದರ ತುದಿಯನ್ನು ಕುಡುಗೋಲಿನಿಂದ ಓರೆಯಾಗಿ ಕೊಯ್ದರು. ಒಂದು ಪ್ಲಾಸ್ಟಿಕ್ ಕವರಿನಲ್ಲಿ 10 ಎಂಎಲ್ ಔಷಧಿ, 10 ಎಂಎಲ್ ನೀರು. ಬೇರಿನ ತುದಿಯನ್ನು ಅದರೊಳಗೆ ಇಳಿಸಿ ದಾರ ಬಿಗಿದರು. ಮಾರನೆಯ ದಿನ ಹೋಗಿ ನೋಡಿದರೆ ಕವರು ಖಾಲಿ. ಮರ ಪೂರ್ತಿ ಕುಡಿದುಬಿಟ್ಟಿತ್ತು. ಅವತ್ತಿಂದ 45 ದಿನ ಆ ಮರದ ಎಳನೀರಾಗಲಿ ಕಾಯಾಗಲಿ ಮುಟ್ಟುವ ಹಾಗಿರಲಿಲ್ಲ. ಅಪ್ಪ ಕ್ಯಾಲೆಂಡರಿನಲ್ಲಿ ದಿನಕ್ಕೆ ಗುಂಡು ಸುತ್ತಿದ್ದರು.

ಬೇರು ಕುಡಿದ ವಿಷ ಎಲೆ ತಿನ್ನುವ ಹುಳುವಿನ ಹೊಟ್ಟೆ ಸೇರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಮೋನೋಕ್ರೋಟೋಫಾಸ್ ಅರ್ಧ ಓದಿದ ಹಾಗೆಯೇ.

ಹೆಸರಲ್ಲೇ ರಚನೆ ಇದೆ

‘ಫಾಸ್’ ಅಂದರೆ ಫಾಸ್ಫೇಟ್. ‘ಕ್ರೋಟೋ’ ಬಂದದ್ದು ಕ್ರೋಟಾನಮೈಡ್ ಎಂಬ ಭಾಗದಿಂದ. ‘ಮೋನೋ’ ಅಂದರೆ ಆ ಅಮೈಡಿನ ಸಾರಜನಕದ ಮೇಲೆ ಒಂದೇ ಮೀಥೈಲ್ ಗುಂಪು. ಎರಡು ಇದ್ದರೆ ಅದು ಡೈಕ್ರೋಟೋಫಾಸ್. ಡೈಕ್ರೋಟೋಫಾಸ್ ಒಂದು ಮೀಥೈಲ್ ಕಳೆದುಕೊಂಡರೆ ಮೋನೋಕ್ರೋಟೋಫಾಸ್ ಆಗುತ್ತದೆ. ಒಂದು ಅಂಕದ ಪ್ರಶ್ನೆಗೆ ಹೇಳಿ ಮಾಡಿಸಿದ್ದು.

ಒಂದು ಅಣುವಿನಲ್ಲಿ ಇಂಗಾಲ 7, ಜಲಜನಕ 14, ಸಾರಜನಕ 1, ಆಮ್ಲಜನಕ 5, ರಂಜಕ 1. ಅಣುತೂಕ 223.2. ಶುದ್ಧ ರೂಪ ಬಣ್ಣವಿಲ್ಲದ ಹರಳು, ಸುಮಾರು 54-55 ಡಿಗ್ರಿಯಲ್ಲಿ ಕರಗುತ್ತದೆ. ಕಾರ್ಖಾನೆಯಿಂದ ಬರುವ ಸರಕು ಕೆಂಪು ಮಿಶ್ರಿತ ಕಂದು ಬಣ್ಣದ ಅರೆಗಟ್ಟಿ. ನಮ್ಮ ಕಡೆ ಅಂಗಡಿಯಲ್ಲಿ ಸಿಗುತ್ತಿದ್ದದ್ದು 36 ಎಸ್‌ಎಲ್, ಅಂದರೆ ನೀರಿನಲ್ಲಿ ಕರಗುವ ದ್ರಾವಣ, ಶೇಕಡಾ 36.

ಇದರ ಮುಖ್ಯ ಗುಣ ಇಲ್ಲಿದೆ. ಮೋನೋಕ್ರೋಟೋಫಾಸ್ ನೀರಿನೊಂದಿಗೆ ಎಷ್ಟು ಬೇಕಾದರೂ ಬೆರೆಯುತ್ತದೆ. ಪಕ್ಕದಲ್ಲಿ ಕ್ಲೋರ್‌ಪೈರಿಫಾಸ್ ಇಟ್ಟು ನೋಡಿ. ಒಂದು ಲೀಟರ್ ನೀರಿನಲ್ಲಿ ಅದು ಕರಗುವುದು ಎರಡು ಮಿಲಿಗ್ರಾಂ ಕೂಡ ಇಲ್ಲ. ಅದಕ್ಕೆ ಎಣ್ಣೆ, ಕೊಬ್ಬು ಇಷ್ಟ. ಇದಕ್ಕೆ ನೀರು ಇಷ್ಟ. ನೀರಿನಲ್ಲಿ ಕರಗಿದ್ದಕ್ಕೇ ಮೋನೋಕ್ರೋಟೋಫಾಸ್ ಬೇರಿನಿಂದ ಹತ್ತಿ, ನೀರು ಹೋಗುವ ದಾರಿಯಲ್ಲೇ ಗರಿಯ ತುದಿ ತಲುಪಿತು. ಇಂಥದ್ದಕ್ಕೆ ಅಂತರ್ವ್ಯಾಪಿ ಕೀಟನಾಶಕ ಎನ್ನುತ್ತಾರೆ. ಮೈಗೆ ತಾಗಿದರೂ ಕೊಲ್ಲುತ್ತದೆ, ರಸ ಹೀರಿದರೂ ಕೊಲ್ಲುತ್ತದೆ. ಹತ್ತಿಯ ಜಿಗಿಹುಳು, ಸಸ್ಯಹೇನು, ಭತ್ತದ ಕಾಂಡಕೊರಕ, ಎಲ್ಲಕ್ಕೂ ಇದನ್ನೇ ಹೊಡೆಯುತ್ತಿದ್ದರು. ರೇಟೂ ಕಡಿಮೆ ಇತ್ತು.

ಈ ಗುಣದ ಇನ್ನೊಂದು ಮುಖ ತರಕಾರಿಯಲ್ಲಿ ಕಾಣುತ್ತದೆ. ಬದನೆಕಾಯಿಯ ಮೈಮೇಲೆ ಕೂತ ವಿಷವನ್ನು ಸ್ವಲ್ಪ ಮಟ್ಟಿಗಾದರೂ ತೊಳೆಯಬಹುದು. ತಿರುಳಿನೊಳಗೆ ಇಳಿದದ್ದನ್ನು ಉಪ್ಪುನೀರಲ್ಲಿ ನೆನೆಸಿದರೂ ತೆಗೆಯಲಾಗದು. 2005ರಲ್ಲಿ ಭಾರತ ಸರ್ಕಾರ ತರಕಾರಿ ಬೆಳೆಗಳ ಮೇಲೆ ಇದರ ಬಳಕೆ ನಿಷೇಧಿಸಿದ್ದನ್ನು ಓದುವಾಗ ಇದು ನೆನಪಿರಲಿ.

ಕ್ಷಾರದಲ್ಲಿ ಮಾತ್ರ ಇದು ನಿಲ್ಲುವುದಿಲ್ಲ. 20 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 5 ಇರುವ, ಅಂದರೆ ಆಮ್ಲದ ಕಡೆಯ ನೀರಿನಲ್ಲಿ ಅರ್ಧದಷ್ಟು ಒಡೆಯಲು 96 ದಿನ ಬೇಕು. ಕ್ಷಾರದ ಕಡೆಯ ಪಿಎಚ್ 9ರಲ್ಲಿ 17 ದಿನ ಸಾಕು. ಸುಣ್ಣ ಸೇರಿದ ಬೋರ್ಡೋ ದ್ರಾವಣದ ಜೊತೆ ಬೆರೆಸಬೇಡಿ ಎನ್ನುವ ಸೂಚನೆಯ ಹಿಂದೆ ಇರುವುದು ಇದೇ ಲೆಕ್ಕ. ಮಣ್ಣಿನಲ್ಲಂತೂ ಕೆಲವೇ ದಿನದಲ್ಲಿ ಒಡೆಯುತ್ತದೆ.

ಒಳಗೆ ಹೋದ ಮೇಲೆ

ನರದಿಂದ ಸ್ನಾಯುವಿಗೆ ಸುದ್ದಿ ಒಯ್ಯುವುದು ಅಸಿಟೈಲ್‌ಕೋಲಿನ್. ಕೆಲಸ ಮುಗಿದ ಕೂಡಲೇ ಅದನ್ನು ಒಡೆದು ಹಾಕುವ ಕಿಣ್ವ ಅಸಿಟೈಲ್‌ಕೋಲಿನ್‌ಎಸ್ಟರೇಸ್. ನಾನು ಇದನ್ನು ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಎಂದು ನೆನಪಿಟ್ಟುಕೊಂಡಿದ್ದೇನೆ. ಅಸಿಟೈಲ್‌ಕೋಲಿನ್ ಹಸಿರು ಬಟನ್, ಕಿಣ್ವ ಕೆಂಪು ಬಟನ್. ಆರ್ಗನೋಫಾಸ್ಫೇಟ್ ಬಂದು ಕೆಂಪು ಬಟನ್ನಿಗೆ ಎಂ-ಸೀಲ್ ಮೆತ್ತುತ್ತದೆ. ಸರಿಯಾಗಿ ಹೇಳಬೇಕೆಂದರೆ, ಕಿಣ್ವದ ಸೆರಿನ್ ಎಂಬ ಜಾಗಕ್ಕೆ ತನ್ನ ಫಾಸ್ಫೇಟ್ ಭಾಗವನ್ನು ಅಂಟಿಸುತ್ತದೆ. ಮೋಟಾರ್ ನಿಲ್ಲುವುದೇ ಇಲ್ಲ.

ಇಲ್ಲಿ ನಾನು ಒಂದು ಟೆಸ್ಟಿನಲ್ಲಿ ಅಂಕ ಕಳೆದುಕೊಂಡಿದ್ದೆ. ‘ಎಲ್ಲ ಆರ್ಗನೋಫಾಸ್ಫೇಟ್‌ಗಳೂ ಯಕೃತ್ತಿನಲ್ಲಿ ಬದಲಾದ ಮೇಲೆಯೇ ವಿಷವಾಗುತ್ತವೆ’ ಎಂದು ಬರೆದಿದ್ದೆ. ತಪ್ಪು. ಪ್ಯಾರಾಥಿಯಾನ್, ಕ್ಲೋರ್‌ಪೈರಿಫಾಸ್‌ಗಳಲ್ಲಿ ರಂಜಕಕ್ಕೆ ಗಂಧಕ ಜೋಡಿಯಾಗಿರುತ್ತದೆ. ಯಕೃತ್ತು ಆ ಗಂಧಕ ತೆಗೆದು ಆಮ್ಲಜನಕ ಕೂರಿಸಿದ ಮೇಲೆ ಅವು ಜೋರಾಗುತ್ತವೆ. ಮೋನೋಕ್ರೋಟೋಫಾಸ್‌ನಲ್ಲಿ ರಂಜಕಕ್ಕೆ ಮೊದಲಿಂದಲೇ ಆಮ್ಲಜನಕ ಇದೆ. ಯಾರ ಸಹಾಯವೂ ಬೇಕಿಲ್ಲ. ಹಾಗಾಗಿ ಲಕ್ಷಣಗಳು ಬೇಗ ಶುರುವಾಗುತ್ತವೆ.

ಇಲಿಗೆ ಬಾಯಿ ಮೂಲಕ ಕೊಟ್ಟಾಗ ಎಲ್‌ಡಿ50, ಅಂದರೆ ಅರ್ಧದಷ್ಟು ಇಲಿಗಳನ್ನು ಕೊಲ್ಲುವ ಪ್ರಮಾಣ, ಕಿಲೋ ತೂಕಕ್ಕೆ ಸುಮಾರು 14ರಿಂದ 23 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇದು ‘1ಬಿ’, ಅಂದರೆ ಅತಿ ಅಪಾಯಕಾರಿ. ನಮ್ಮ ಡಬ್ಬಿಗಳ ಬಣ್ಣದ ಲೆಕ್ಕದಲ್ಲಿ ಎಲ್‌ಡಿ50 1ರಿಂದ 50ರ ಒಳಗಿನದ್ದಕ್ಕೆ ಕೆಂಪು, 51ರಿಂದ 500ಕ್ಕೆ ಹಳದಿ, 501ರಿಂದ 5000ಕ್ಕೆ ನೀಲಿ, ಅದರ ಮೇಲೆ ಹಸಿರು. ಇದು ಕೆಂಪು. ಹಸಿರು ಅಂದರೆ ‘ಏನೂ ಆಗಲ್ಲ’ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅದೂ ವಿಷವೇ, ಪ್ರಮಾಣ ಬೇರೆ ಅಷ್ಟೇ.

ಹಕ್ಕಿಗಳಿಗೆ ಇದು ಇಲಿಗಿಂತಲೂ ಜಾಸ್ತಿ ವಿಷ. 1995-96ರಲ್ಲಿ ಅರ್ಜೆಂಟೀನಾದ ಹುಲ್ಲುಗಾವಲು ಸೀಮೆಯಲ್ಲಿ ಮಿಡತೆಗೆ ಇದನ್ನು ಹೊಡೆದರು. ಉತ್ತರ ಅಮೆರಿಕದಿಂದ ಚಳಿಗಾಲ ಕಳೆಯಲು ಬಂದಿದ್ದ ಸ್ವೇನ್‌ಸನ್ ಗಿಡುಗಗಳು ಆ ಮಿಡತೆಗಳನ್ನು ತಿಂದು ಸಾವಿರಾರು ಸಂಖ್ಯೆಯಲ್ಲಿ ಸತ್ತವು.

ಇನ್ನೊಂದು ಗೊಂದಲ. ನೀರಿನಲ್ಲಿ ಕರಗುವ ಕಾರಣ ಇದು ಕೊಬ್ಬಿನಲ್ಲಿ ಶೇಖರವಾಗುವುದಿಲ್ಲ. ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೊರಹೋಗುತ್ತದೆ. ಹಾಗಾದರೆ ದಿನಾ ಸ್ವಲ್ಪ ಸ್ವಲ್ಪ ತಾಗಿದರೆ ಪರವಾಗಿಲ್ಲ ಅಲ್ವಾ? ಇಲ್ಲ. ವಿಷ ಉಳಿಯದಿದ್ದರೂ ಅದು ಕೆಡಿಸಿದ ಕಿಣ್ವ ಹಾಗೇ ಉಳಿಯುತ್ತದೆ. ಕೆಂಪು ರಕ್ತಕಣದಲ್ಲಿರುವ ಕಿಣ್ವ ಮತ್ತೆ ಮೇಲೇರುವುದು ದಿನಕ್ಕೆ ಹೆಚ್ಚುಕಡಿಮೆ ಶೇಕಡಾ 1ರಂತೆ, ಹೊಸ ರಕ್ತಕಣ ಹುಟ್ಟಿದ ಹಾಗೆ. ಸೋಮವಾರ ಹೊಡೆದು, ಬುಧವಾರ ಹೊಡೆದು, ಶುಕ್ರವಾರವೂ ಕ್ಯಾನ್ ಬೆನ್ನಿಗೇರಿಸಿದವನಿಗೆ ಮೂರೂ ದಿನದ ಸಾಲ ಒಟ್ಟಿಗೆ ಸೇರುತ್ತದೆ. ಚರ್ಮದ ಮೂಲಕವೂ ಇದು ಒಳಗೆ ಹೋಗುತ್ತದೆ. ಬೆನ್ನಿನ ಮೇಲೆ ಸೋರುವ ಕ್ಯಾನನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಲಕ್ಷಣ, ಚಿಕಿತ್ಸೆ

ಮೊದಲು ಒದ್ದೆ ಲಕ್ಷಣಗಳು. ಜೊಲ್ಲು, ಕಣ್ಣೀರು, ಬೆವರು, ವಾಂತಿ, ಭೇದಿ, ಎದೆಯಲ್ಲಿ ಗೊರಗೊರ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಇವು ಮಸ್ಕರಿನಿಕ್ ಗುಂಪಿನವು, ಅಂದರೆ ಅಸಿಟೈಲ್‌ಕೋಲಿನ್ ಹಿಡಿಯುವ ಒಂದು ಬಗೆಯ ಗ್ರಾಹಕದಿಂದ ಬರುವವು. ಸ್ನಾಯು ಅದುರುವುದು, ಆಮೇಲೆ ಸೋಲುವುದು ನಿಕೋಟಿನಿಕ್ ಗುಂಪು, ಅಂದರೆ ಸ್ನಾಯುವಿನ ಮೇಲಿರುವ ಇನ್ನೊಂದು ಬಗೆಯ ಗ್ರಾಹಕದ್ದು. ಗೊಂದಲ, ಫಿಟ್ಸ್, ಪ್ರಜ್ಞೆ ತಪ್ಪುವುದು ಮಿದುಳಿನದ್ದು. ಜೀವ ಹೋಗುವುದು ಸಾಮಾನ್ಯವಾಗಿ ಉಸಿರಾಟ ನಿಂತು.

ಮೊದಲ ಕೆಲಸ ಬಟ್ಟೆ ಬಿಚ್ಚಿಸಿ, ಮೈಯನ್ನು ಸೋಪು ನೀರಿನಲ್ಲಿ ತೊಳೆದು, ಆಸ್ಪತ್ರೆಗೆ ಓಡುವುದು. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು. ಡಬ್ಬಿ ಅಥವಾ ಅದರ ಲೇಬಲ್ ಜೊತೆಗಿರಲಿ. ಬಲವಂತವಾಗಿ ವಾಂತಿ ಮಾಡಿಸಬಾರದು.

ಅಟ್ರೋಪಿನ್ ಕೆಂಪು ಬಟನ್ ರಿಪೇರಿ ಮಾಡುವುದಿಲ್ಲ. ಅದು ಮೋಟಾರಿನ ವೈರ್ ಕಿತ್ತ ಹಾಗೆ, ಮಸ್ಕರಿನಿಕ್ ಗ್ರಾಹಕವನ್ನು ಮುಚ್ಚುತ್ತದೆ. ಆದ್ದರಿಂದ ಒದ್ದೆ ಲಕ್ಷಣ ನಿಲ್ಲುತ್ತವೆ, ಸ್ನಾಯುವಿನ ಸೋಲು ನಿಲ್ಲುವುದಿಲ್ಲ. ಕೆಲವು ನಿಮಿಷಕ್ಕೊಮ್ಮೆ ಡೋಸ್ ಇಮ್ಮಡಿ ಮಾಡುತ್ತಾ ಹೋಗುತ್ತಾರೆ. ಎಲ್ಲಿಯವರೆಗೆ? ಎದೆ ಒಣಗಿ ಉಸಿರಿನ ಸದ್ದು ತಿಳಿಯಾಗುವವರೆಗೆ. ಬರೀ ಪಾಪೆ ಅಗಲವಾಯಿತೆಂದು ನಿಲ್ಲಿಸುವುದು ತಪ್ಪು ಉತ್ತರ.

ಪ್ರಾಲಿಡಾಕ್ಸಿಮ್, ಆಸ್ಪತ್ರೆಯವರ ಬಾಯಲ್ಲಿ ‘ಪ್ಯಾಮ್’, ಎಂ-ಸೀಲನ್ನು ಹಸಿ ಇರುವಾಗಲೇ ಕೆರೆದು ತೆಗೆಯುವ ಔಷಧಿ. ಒಣಗಿದ ಮೇಲೆ ಏನೂ ಮಾಡಲಾಗದು. ಈ ಒಣಗುವುದಕ್ಕೇ ಏಜಿಂಗ್ ಎನ್ನುವುದು. ಡೈಮೀಥೈಲ್ ಗುಂಪಿನಲ್ಲಿ ಅರ್ಧದಷ್ಟು ಕಿಣ್ವ ಸುಮಾರು 3.7 ಗಂಟೆಯಲ್ಲೇ ಒಣಗುತ್ತದೆ, ಡೈಈಥೈಲ್‌ನಲ್ಲಿ 33 ಗಂಟೆ ಹಿಡಿಯುತ್ತದೆ. ಮೋನೋಕ್ರೋಟೋಫಾಸ್ ಡೈಮೀಥೈಲ್: ‘ಮೋನೋ’ ಅಮೈಡಿನ ಕಡೆಯ ಲೆಕ್ಕ, ಫಾಸ್ಫೇಟ್ ಕಡೆ ಮೀಥೈಲ್ ಎರಡಿವೆ. ಹಳ್ಳಿಯಿಂದ ತಾಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾಸ್ಪತ್ರೆ ಎಂದು ತಿರುಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಪ್ಯಾಮ್ ಎಷ್ಟು ಉಪಯೋಗ ಎನ್ನುವುದರಲ್ಲಿ ವೈದ್ಯರಲ್ಲೇ ಒಮ್ಮತ ಇಲ್ಲ. ಮಹಾರಾಷ್ಟ್ರದ ಬಾರಾಮತಿಯ 2006ರ ಅಧ್ಯಯನದಲ್ಲಿ ಹೆಚ್ಚಿನ ಡೋಸ್ ಫಲ ಕೊಟ್ಟಿತು. ಶ್ರೀಲಂಕಾದಲ್ಲಿ ನಡೆದು 2009ರಲ್ಲಿ ಪ್ರಕಟವಾದದ್ದರಲ್ಲಿ ಪ್ರಯೋಜನ ಕಾಣಲಿಲ್ಲ. ಉತ್ತರದಲ್ಲಿ ಎರಡನ್ನೂ ಬರೆಯಿರಿ.

ಒಂದರಿಂದ ನಾಲ್ಕು ದಿನದ ನಡುವೆ ಇನ್ನೊಂದು ಅಪಾಯ ಇದೆ. ರೋಗಿ ಮಾತಾಡುತ್ತಿರುತ್ತಾನೆ, ಜೊಲ್ಲು ನಿಂತಿರುತ್ತದೆ, ಮನೆಯವರು ಸಮಾಧಾನದ ಉಸಿರು ಬಿಟ್ಟಿರುತ್ತಾರೆ. ಆಗ ದಿಂಬಿನಿಂದ ತಲೆ ಎತ್ತು ಎಂದರೆ ಎತ್ತಲಾಗುವುದಿಲ್ಲ. ಕುತ್ತಿಗೆಯ ಸ್ನಾಯು ಸೋತಿದೆ, ಮುಂದಿನ ಸರದಿ ಉಸಿರಾಟದ್ದು. ಇದು ಇಂಟರ್‌ಮೀಡಿಯೆಟ್ ಸಿಂಡ್ರೋಮ್, 1987ರಲ್ಲಿ ಶ್ರೀಲಂಕಾದ ವೈದ್ಯರು ವಿವರಿಸಿದ್ದು. ಇದಕ್ಕೆ ವೆಂಟಿಲೇಟರ್ ಆಸರೆ ಬೇಕು, ಅಟ್ರೋಪಿನ್ ಸಾಲದು.

ಕಾನೂನಿನ ಕಡೆ ಬೇಗ ಮುಗಿಸುತ್ತೇನೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅದರ ನಂತರ ಬಂದದ್ದು 1968ರ ಕೀಟನಾಶಕ ಕಾಯ್ದೆ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಮೋನೋಕ್ರೋಟೋಫಾಸ್‌ನಿಂದ ಆಗುತ್ತಿರುವ ಹಾನಿಯ ಬಗ್ಗೆ ವರದಿ ಕೊಟ್ಟಿತು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದು ಇದೇ ಮೋನೋಕ್ರೋಟೋಫಾಸ್. 36 ಎಸ್‌ಎಲ್‌ನ ನೋಂದಣಿ ರದ್ದು ಮಾಡುವ ಆದೇಶ ಬರಲು 2023 ಆಗಬೇಕಾಯಿತು. ನನ್ನ ಪ್ರಕಾರ ಹತ್ತು ವರ್ಷ ತಡ.

ನಮ್ಮ ತೋಟದಲ್ಲಿ ಈಗ ಕಪ್ಪು ತಲೆ ಹುಳುವಿಗೆ ಗೋನಿಯೋಜಸ್ ಎಂಬ ಪುಟ್ಟ ಪರೋಪಜೀವಿ ಕೀಟ ಬಿಡುತ್ತಾರೆ. ನುಸಿಗೆ ಬೇರಿನ ಮೂಲಕ ಬೇವಿನ ಔಷಧಿ. ಅದೇ ಓರೆ ಕೊಯ್ತ, ಅದೇ ಕವರು, ಅದೇ ದಾರ. ಅಪ್ಪ ಕ್ಯಾಲೆಂಡರಿನಲ್ಲಿ ಗುಂಡು ಸುತ್ತುವುದನ್ನು ಮಾತ್ರ ಬಿಟ್ಟಿಲ್ಲ.