ದಾಸೋಜನ ಕಾಲಕ್ಕೆ ದಾರಿಯಿದೆಯೇ?

ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳನ್ನು ಬೇಲೂರಿಗೆ ಕರೆದುಕೊಂಡು ಹೋಗಿದ್ದೆ. ಚೆನ್ನಕೇಶವ ಗುಡಿಯ ಶಿಲ್ಪಿಗಳಲ್ಲಿ ಕೆಲವರು ತಮ್ಮ ಹೆಸರನ್ನು ಕಲ್ಲಿನಲ್ಲೇ ಬರೆದಿಟ್ಟು ಹೋಗಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂಥವರು. ಗುಡಿ ಪ್ರತಿಷ್ಠೆಯಾದದ್ದು 1117ರಲ್ಲಿ. ಇದನ್ನೆಲ್ಲ ಹೇಳುತ್ತಿದ್ದಾಗ ಅವಳು ಮದನಿಕೆಯ ಕಡೆಯಿಂದ ಕಣ್ಣು ತೆಗೆಯದೆ, "ಮಾವ, ಅವ್ರು ಇದನ್ನ ಕೆತ್ತೋವಾಗ ಹೋಗಿ ನೋಡ್ಕೊಂಡು ಬರೋಕಾಗುತ್ತಾ?" ಎಂದಳು.

ಆಗಲ್ಲಮ್ಮ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಅವಳ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಕಾಲದಲ್ಲಿ ಮುಂದಕ್ಕೆ ಹೋಗುವುದು ಒಂದು, ಹಿಂದಕ್ಕೆ ಹೋಗುವುದು ಇನ್ನೊಂದು. ಮೊದಲನೆಯದಕ್ಕೆ ವಿಜ್ಞಾನ ನೂರು ವರ್ಷಕ್ಕೂ ಹಿಂದೆಯೇ ಹೌದು ಎಂದಿದೆ. ಆ ಹೌದನ್ನು ದಿನದಿನವೂ ಲೆಕ್ಕಕ್ಕೆ ಹಿಡಿಯುವ ಕೆಲಸ ನಮ್ಮ ಹಾಸನಕ್ಕೂ ಅಂಟಿಕೊಂಡಿದೆ.

1687ರಲ್ಲಿ ನ್ಯೂಟನ್ ಬರೆದ ಪ್ರಕಾರ ಕಾಲ ಎಲ್ಲರಿಗೂ ಒಂದೇ, ಯಾರು ಎಲ್ಲಿದ್ದರೂ ಒಂದೇ ಸಮನೆ ಹರಿಯುತ್ತದೆ. ಇನ್ನೂರು ವರ್ಷ ಅದನ್ನು ಪ್ರಶ್ನಿಸುವ ಅಗತ್ಯವೇ ಬೀಳಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಬೆಳಕಿನ ವೇಗ ಎಲ್ಲರಿಗೂ ಒಂದೇ ಎಂಬುದನ್ನು ಹಿಡಿದು ಹೊರಟಾಗ, ಕಾಲ ಎಲ್ಲರಿಗೂ ಒಂದೇ ಎಂಬುದನ್ನು ಬಿಟ್ಟುಕೊಡಬೇಕಾಯಿತು. ವೇಗವಾಗಿ ಚಲಿಸುವವನ ಗಡಿಯಾರ ನಿಧಾನ. ಗಡಿಯಾರ ಮಾತ್ರವಲ್ಲ, ಅವನ ಎದೆಬಡಿತ, ಅವನ ವಯಸ್ಸು, ಎಲ್ಲವೂ. 1911ರಲ್ಲಿ ಫ್ರಾನ್ಸಿನ ಪಾಲ್ ಲಾಂಜವಾ ಇದನ್ನು ಒಬ್ಬ ಪ್ರಯಾಣಿಕನ ಮೇಲಿಟ್ಟು ಹೇಳಿದ: ಬೆಳಕಿನ ವೇಗಕ್ಕೆ ತೀರಾ ಹತ್ತಿರದ ವೇಗದಲ್ಲಿ ಒಂದು ವರ್ಷ ಹೋಗಿ ಒಂದು ವರ್ಷ ವಾಪಸು ಬಂದರೆ, ಅವನಿಗೆ ಕಳೆದದ್ದು ಎರಡು ವರ್ಷ, ಭೂಮಿಯಲ್ಲಿ ಇನ್ನೂರು ವರ್ಷ.

ನಮ್ಮಲ್ಲಿ ಪುರಾಣ ಕೇಳಿ ಬೆಳೆದವರಿಗೆ ಇಲ್ಲಿ ಕಕುದ್ಮಿ ರಾಜ ನೆನಪಾಗುತ್ತಾನೆ. ಮಗಳು ರೇವತಿಗೆ ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಗಂಧರ್ವರ ಗಾಯನ ಮುಗಿಯುವ ತನಕ ಕಾದ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತು, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರ ಮೊಮ್ಮಕ್ಕಳೂ ಉಳಿದಿರಲಿಲ್ಲ ಎಂದು ಭಾಗವತ ಹೇಳುತ್ತದೆ. ಇದನ್ನೇ ತೋರಿಸಿ ಐನ್‌ಸ್ಟೈನನ ಈ ಸಾಪೇಕ್ಷತಾ ಸಿದ್ಧಾಂತ ನಮಗೆ ಮೊದಲೇ ಗೊತ್ತಿತ್ತು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಲೆಕ್ಕವಿಲ್ಲ, ಅಳತೆಯಿಲ್ಲ. ಆದರೆ ಇಂಥ ಪ್ರಯಾಣಕ್ಕೆ ತೆರಬೇಕಾದ ಬೆಲೆ ಏನೆಂಬುದು ಕತೆ ಕಟ್ಟಿದವರಿಗೆ ಸರಿಯಾಗಿ ಗೊತ್ತಿತ್ತು.

ಐನ್‌ಸ್ಟೈನನದೇ 1915ರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಇನ್ನೊಂದನ್ನು ಸೇರಿಸಿತು. ಗುರುತ್ವ ಹೆಚ್ಚಿದ್ದಲ್ಲಿ ಕಾಲ ನಿಧಾನ, ಮೇಲೆ ಹೋದಷ್ಟೂ ಚುರುಕು. ಚಿಕ್ಕಮಗಳೂರು ಪೇಟೆಗಿಂತ ಮುಳ್ಳಯ್ಯನಗಿರಿಯ ತುದಿ ಸುಮಾರು 840 ಮೀಟರ್ ಎತ್ತರದಲ್ಲಿದೆ. ಲೆಕ್ಕ ಹಾಕಿದರೆ ಮೇಲಿನ ಗಡಿಯಾರ ದಿನಕ್ಕೆ ಸೆಕೆಂಡಿನ ನೂರು ಕೋಟಿಯಲ್ಲಿ ಎಂಟು ಭಾಗದಷ್ಟು ಮುಂದೆ ಓಡುತ್ತದೆ. ಎಂಬತ್ತು ವರ್ಷ ಬೆಟ್ಟದ ತುದಿಯಲ್ಲೇ ಬದುಕಿದವರು ಪೇಟೆಯವರಿಗಿಂತ ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಪಾಲು ಹೆಚ್ಚು ಮುಪ್ಪಾಗುತ್ತಾರೆ. ಅಷ್ಟೇ. ಆದರೂ ಶೂನ್ಯವಲ್ಲ.

ಅಳೆದು ನೋಡಿದ್ದೂ ಆಯಿತು. 1971ರ ಅಕ್ಟೋಬರಿನಲ್ಲಿ ಅಮೆರಿಕದ ಹಾಫೆಲೆ ಮತ್ತು ಕೀಟಿಂಗ್ ನಾಲ್ಕು ಸೀಸಿಯಂ ಪರಮಾಣು ಗಡಿಯಾರಗಳನ್ನು ಮಾಮೂಲಿ ಪ್ರಯಾಣಿಕರ ವಿಮಾನಗಳಲ್ಲಿಟ್ಟುಕೊಂಡು ಲೋಕ ಸುತ್ತಿದರು, ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ. ನೆಲದ ಗಡಿಯಾರಕ್ಕೆ ಹೋಲಿಸಿದಾಗ ಪೂರ್ವಕ್ಕೆ ಹೋದವು 59 ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗಕ್ಕೆ ಈ ಹೆಸರು) ಹಿಂದೆ ಬಿದ್ದಿದ್ದವು, ಪಶ್ಚಿಮಕ್ಕೆ ಹೋದವು 273 ನ್ಯಾನೋಸೆಕೆಂಡ್ ಮುಂದಿದ್ದವು. ಭೂಮಿಯೂ ಪೂರ್ವಕ್ಕೇ ತಿರುಗುವುದರಿಂದ ಆ ಕಡೆ ಹೋದವಕ್ಕೆ ವೇಗ ಹೆಚ್ಚು, ಪಶ್ಚಿಮಕ್ಕೆ ಹೋದವಕ್ಕೆ ಕಡಿಮೆ. ಐನ್‌ಸ್ಟೈನನ ಲೆಕ್ಕಕ್ಕೆ ಎರಡೂ ಹೊಂದಿದವು.

ನನಗೆ ಇದಕ್ಕಿಂತ ಇಷ್ಟವಾದದ್ದು 1977ರ ಕತೆ. ಜಿಪಿಎಸ್‌ಗೆ ದಾರಿ ಮಾಡಿದ ಒಂದು ಪರೀಕ್ಷಾ ಉಪಗ್ರಹವನ್ನು ಸೀಸಿಯಂ ಗಡಿಯಾರದ ಜೊತೆ ಹಾರಿಸಿದಾಗ, ಸಾಪೇಕ್ಷತೆಯ ತಿದ್ದುಪಡಿ ನಿಜವಾಗಿಯೂ ಬೇಕೇ ಎಂದು ಅನುಮಾನಿಸಿದವರಿದ್ದರು. ಹಾಗಾಗಿ ತಿದ್ದುಪಡಿಗೆ ಒಂದು ಸ್ವಿಚ್ ಇಟ್ಟು, ಅದನ್ನು ಹಾಕದೆಯೇ ಕಳಿಸಿದರು. 20 ದಿನ ನೋಡಿದರು. ಗಡಿಯಾರ ದಿನಕ್ಕೆ 38 ಮೈಕ್ರೋಸೆಕೆಂಡಿನಂತೆ (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ಮೈಕ್ರೋಸೆಕೆಂಡ್), ಸಿದ್ಧಾಂತ ಹೇಳಿದಷ್ಟೇ ಮುಂದೆ ಓಡುತ್ತಿತ್ತು. ಸ್ವಿಚ್ ಹಾಕಿದರು.

ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡುವವರಿಗೆ ಎಂಸಿಎಫ್‌ನ ದೊಡ್ಡ ಬಿಳಿ ಡಿಶ್‌ಗಳು ಹೊಸದಲ್ಲ. ಇಸ್ರೋದ ಈ ಪ್ರಧಾನ ನಿಯಂತ್ರಣ ಕೇಂದ್ರ 1982ರಿಂದ ಇಲ್ಲಿದೆ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಇಲ್ಲಿಂದಲೇ ನೋಡಿಕೊಳ್ಳುತ್ತಾರೆ, ಜಿಪಿಎಸ್‌ನಂತೆ ದಾರಿ ತೋರಿಸುವ ನಮ್ಮದೇ ನಾವಿಕ್ ಉಪಗ್ರಹಗಳೂ ಅದರಲ್ಲಿ ಸೇರಿವೆ. ನಾವಿಕ್‌ನ ಪ್ರಾಣವೇ ಗಡಿಯಾರ. ಮೊದಲ ಉಪಗ್ರಹದ ರುಬಿಡಿಯಂ ಗಡಿಯಾರಗಳು ಮೂರೂ ಕೈಕೊಟ್ಟಾಗ ಉಪಗ್ರಹ ಮೇಲೆ ಇದ್ದೂ ದಾರಿ ತೋರಿಸುವ ಕೆಲಸಕ್ಕೆ ಬಾರದಾಯಿತು. 2023ರ ಎನ್‌ವಿಎಸ್-01ರಲ್ಲಿ ನಮ್ಮ ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಮೊದಲ ಬಾರಿಗೆ ಮೇಲೇರಿತು. ಅಷ್ಟು ಎತ್ತರದಲ್ಲಿ ಗುರುತ್ವ ಕಡಿಮೆಯಾದ್ದರಿಂದ ಗಡಿಯಾರ ದಿನಕ್ಕೆ ಸುಮಾರು 51 ಮೈಕ್ರೋಸೆಕೆಂಡ್ ಗಳಿಸುತ್ತದೆ, ವೇಗದಿಂದಾಗಿ ನಾಲ್ಕೂವರೆ ಕಳೆದುಕೊಳ್ಳುತ್ತದೆ. ಉಳಿಯುವುದು 46 ಚಿಲ್ಲರೆ. ಒಂದು ಮೈಕ್ರೋಸೆಕೆಂಡಿನಲ್ಲಿ ಬೆಳಕು 300 ಮೀಟರ್ ಹೋಗುತ್ತದೆ. ಸರಿಪಡಿಸದಿದ್ದರೆ ಉಪಗ್ರಹದ ದೂರದ ಲೆಕ್ಕ ಒಂದೇ ದಿನದಲ್ಲಿ ಹದಿನಾಲ್ಕು ಕಿಲೋಮೀಟರ್ ತಪ್ಪುತ್ತದೆ.

ಇವು ಗಡಿಯಾರಗಳಾದವು, ಮನುಷ್ಯರು? ಅವರೂ ಹೋಗಿದ್ದಾರೆ. ಅವರು ಸುತ್ತುವುದು ಭೂಮಿಗೆ ತೀರಾ ಹತ್ತಿರದಲ್ಲಿ, ಹಾಗಾಗಿ ಅಲ್ಲಿ ಎತ್ತರದಿಂದ ಗಳಿಸುವುದಕ್ಕಿಂತ ವೇಗದಿಂದ ಕಳೆದುಕೊಳ್ಳುವುದೇ ಹೆಚ್ಚು. ರಷ್ಯಾದ ಸೆರ್ಗೆಯ್ ಕ್ರಿಕಲ್ಯೋವ್ ಒಟ್ಟು 803 ದಿನ ಭೂಮಿ ಸುತ್ತಿ, ನಮಗಿಂತ ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ಕಡಿಮೆ ವಯಸ್ಸಾಗಿ ಇಳಿದ. ಅಂದರೆ ಅಷ್ಟು ದೂರ ಭವಿಷ್ಯಕ್ಕೆ ಬಂದ. 2025ರಲ್ಲಿ ಸುಮಾರು 20 ದಿನ ಬಾಹ್ಯಾಕಾಶದಲ್ಲಿದ್ದ ನಮ್ಮ ಶುಭಾಂಶು ಶುಕ್ಲಾ ಅವರ ಪಾಲಿಗೆ ಬಂದದ್ದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ.

ಹೆಚ್ಚು ದೂರ ಹೋಗಲು ಅಡ್ಡಿ ನಿಯಮದ್ದಲ್ಲ, ಶಕ್ತಿಯದು. ಬೆಳಕಿನ ವೇಗದ ಶೇ. 99.5ರಲ್ಲಿ ಹೋದರೆ ನಮಗೆ ಒಂದು ವರ್ಷ ಕಳೆಯುವಾಗ ಇಲ್ಲಿ ಹತ್ತು ವರ್ಷ. ನೌಕೆ ಬಿಡಿ, 70 ಕೆ.ಜಿ.ಯ ದೇಹವೊಂದನ್ನೇ ಆ ವೇಗಕ್ಕೆ ತರಲು ಬೇಕಾದ ಶಕ್ತಿಯನ್ನು, ಶರಾವತಿಯ 1,035 ಮೆಗಾವಾಟ್ ವಿದ್ಯುದಾಗಾರ ಒಂದು ಗಳಿಗೆಯೂ ನಿಲ್ಲದೆ ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೂ 1,700 ವರ್ಷ ಉತ್ಪಾದಿಸಬೇಕು. ಇಷ್ಟು ಹೊತ್ತಿಗೆ ವೇಗ ಬಂತಷ್ಟೆ. ಆ ತುದಿಯಲ್ಲಿ ನಿಲ್ಲಬೇಕು, ತಿರುಗಬೇಕು, ಮತ್ತೆ ವೇಗ ಹಿಡಿಯಬೇಕು.

ಹಿಂದಕ್ಕೆ ಹೋಗುವ ಮಾತೇ ಬೇರೆ. 1949ರಲ್ಲಿ ತರ್ಕಶಾಸ್ತ್ರಜ್ಞ ಕುರ್ಟ್ ಗೋಡೆಲ್ ಐನ್‌ಸ್ಟೈನನ ಸಮೀಕರಣಗಳಿಗೆ ಒಂದು ಉತ್ತರ ಹುಡುಕಿದ. ಇಡೀ ವಿಶ್ವವೇ ತಿರುಗುತ್ತಿದ್ದರೆ, ಮುಂದೆ ಮುಂದೆ ಹೋಗುತ್ತಲೇ ತನ್ನ ನಿನ್ನೆಗೆ ಬಂದು ಸೇರುವ ದಾರಿಗಳು ಇರುತ್ತವೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ನಮ್ಮ ವಿಶ್ವ ಹಾಗೆ ತಿರುಗುತ್ತಿರುವ ಕುರುಹಿಲ್ಲ. 1988ರಲ್ಲಿ ಭೌತವಿಜ್ಞಾನಿ ಕಿಪ್ ಥಾರ್ನ್ ಮತ್ತು ಸಂಗಡಿಗರು ಇನ್ನೊಂದು ದಾರಿ ತೋರಿಸಿದರು. ಎರಡು ಜಾಗಗಳನ್ನು ಸುರಂಗದಂತೆ ಜೋಡಿಸುವ ವರ್ಮ್‌ಹೋಲ್ ಇದ್ದು, ಅದರ ಒಂದು ಬಾಯನ್ನು ವೇಗವಾಗಿ ಒಯ್ದು ವಾಪಸು ತಂದರೆ ಎರಡು ಬಾಯಿಗಳ ಕಾಲ ಬೇರೆಯಾಗುತ್ತದೆ. ಒಂದರಲ್ಲಿ ನುಗ್ಗಿದವನು ಇನ್ನೊಂದರಲ್ಲಿ ತನ್ನ ನಿನ್ನೆಗೆ ಬೀಳಬಹುದು.

ಸುರಂಗ ಕುಸಿಯದಂತೆ ತಡೆಹಿಡಿಯುವುದೇ ಕಷ್ಟ. ಸಾಮಾನ್ಯ ದ್ರವ್ಯದ ಗುರುತ್ವ ಬೆಳಕಿನ ಕಿರಣಗಳನ್ನು ಹತ್ತಿರಕ್ಕೆ ಎಳೆಯುತ್ತದೆಯೇ ಹೊರತು ಚದುರಿಸುವುದಿಲ್ಲ. ಇಂಥ ಲೆಕ್ಕಕ್ಕೆ ಆಧಾರವಾದ ಸಮೀಕರಣವನ್ನು 1955ರಲ್ಲಿ ಪ್ರಕಟಿಸಿದವರು ಕೋಲ್ಕತ್ತಾದ ಅಮಲ್ ಕುಮಾರ್ ರಾಯಚೌಧುರಿ. ಬಾಯಿ ತೆರೆದಿರಬೇಕಾದರೆ ಕಿರಣಗಳನ್ನು ಚದುರಿಸುವ, ಋಣ ಶಕ್ತಿಯ (ಎಂದರೆ ಸೊನ್ನೆಗಿಂತ ಕಡಿಮೆ ಶಕ್ತಿಯ) ದ್ರವ್ಯ ಬೇಕು. ಪ್ರಯೋಗಾಲಯದಲ್ಲಿ ಅದರ ಛಾಯೆಯಷ್ಟೇ ಕಂಡಿದೆ, ಮನುಷ್ಯ ನುಸುಳುವಷ್ಟು ಬಾಗಿಲನ್ನು ಹಿಡಿದು ನಿಲ್ಲಿಸುವ ಪ್ರಮಾಣದಲ್ಲಲ್ಲ. 1992ರಲ್ಲಿ ಸ್ಟೀಫನ್ ಹಾಕಿಂಗ್, ಇಂಥ ಯಂತ್ರ ಸಿದ್ಧವಾಗುವ ಕ್ಷಣದಲ್ಲೇ ಪ್ರಕೃತಿ ಅದನ್ನು ಹಾಳುಮಾಡುತ್ತದೆ ಎಂಬ ಊಹೆ ಮುಂದಿಟ್ಟರು. ಹಾಕಿಂಗ್ ಹೇಳಿದ್ದೇ ಸರಿಯಿರಬೇಕು ಎಂದು ನನ್ನ ನಂಬಿಕೆ. ಆದರೆ ಅದು ಇನ್ನೂ ಊಹೆಯೇ. ಗುರುತ್ವವನ್ನೂ ಪರಮಾಣು ಲೋಕದ ಕ್ವಾಂಟಂ ನಿಯಮಗಳನ್ನೂ ಒಟ್ಟಿಗೆ ಹಿಡಿಯುವ ಸಿದ್ಧಾಂತ ಬರುವವರೆಗೆ ಅದನ್ನು ಸಾಧಿಸಲೂ ಆಗದು, ತಳ್ಳಿಹಾಕಲೂ ಆಗದು.

ಅಕ್ಕನ ಮಗಳಿಗೆ ಬೇಕಿದ್ದ ಉತ್ತರ ಮಾತ್ರ ಅಷ್ಟು ಕಾಯಬೇಕಿಲ್ಲ. ವರ್ಮ್‌ಹೋಲ್ ಯಂತ್ರ ನಾಳೆಯೇ ಕೈಗೆ ಬಂದರೂ ಅದು ಕರೆದೊಯ್ಯುವುದು ಯಂತ್ರ ಹುಟ್ಟಿದ ದಿನದವರೆಗೆ, ಅದಕ್ಕಿಂತ ಹಿಂದಕ್ಕಲ್ಲ. 1117ರಲ್ಲಿ ಬೇಲೂರಿನಲ್ಲಿ ಅಂಥ ಬಾಯಿ ಯಾರೂ ತೆರೆದಿಟ್ಟಿರಲಿಲ್ಲ. ದಾಸೋಜನ ಉಳಿಪೆಟ್ಟು ಕೇಳುವ ದಾರಿ ಅಲ್ಲಿಗೆ ಮುಚ್ಚಿತು. ಗುಡಿಯ ಜಗಲಿಯ ಮೇಲೆ ಕೂತು ಇದನ್ನೆಲ್ಲ ಹೇಳಿ, ಇನ್ನೂರು ವರ್ಷ ಮುಂದಕ್ಕಾದರೆ ಹೋಗಬಹುದು ನೋಡು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಅಮ್ಮ ಇರಲ್ವಲ್ಲ ಮಾವ" ಎಂದಳು.