ಬೆರಳಚ್ಚಿಗೂ ಬೀಗ ಬೇಕು

ಕಾಸರಗೋಡಿನಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಗುರುತು ಕಳವಿನ, ಅಂದರೆ ತಮ್ಮ ಹೆಸರು, ದಾಖಲೆ ಬಳಸಿ ಬೇರೆಯವರು ವಂಚಿಸಿದ ದೂರು ಹಿಡಿದು ಬರುವ ಕನ್ನಡಿಗರಲ್ಲಿ ಹೆಚ್ಚಿನವರು ದುರಾಸೆಗೆ ಬಿದ್ದವರಲ್ಲ. ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ, ಪಿಂಚಣಿಯ ಅರ್ಜಿ ಮಲಯಾಳದಲ್ಲಿರುತ್ತದೆ. ಬದಿಯಡ್ಕ, ಪೆರ್ಲ, ವರ್ಕಾಡಿ ಕಡೆಯ ಎಷ್ಟೋ ಹಿರಿಯರಿಗೆ ಎರಡೂ ಓದಲು ಬಾರದು. "ಇದೇನೆಂದು ಸ್ವಲ್ಪ ನೋಡು ಮಗಾ" ಎಂದು ಮೊಬೈಲನ್ನೇ ಇನ್ನೊಬ್ಬರ ಕೈಗೆ ಕೊಡುತ್ತಾರೆ. ಓಟಿಪಿ, ಆಧಾರ್ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವೂ ಹೀಗೆಯೇ ಪರರ ಪಾಲಾಗುತ್ತವೆ. ಇವರನ್ನು ದಡ್ಡರೆಂದು ಹಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಓಟಿಪಿ ಹೇಳಬೇಡಿ ಎಂಬ ಎಚ್ಚರಿಕೆ ಬಹುತೇಕ ಎಲ್ಲರ ಕಿವಿಗೂ ಬಿದ್ದಿದೆ. ಓಟಿಪಿಯೇ ಇಲ್ಲದೆ ಹಣ ಹೋಗುವ ದಾರಿಯೊಂದಿದೆ ಎಂಬುದು ಬಿದ್ದಿಲ್ಲ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇಷ್ಟಿದ್ದರೆ ಸಾಕು. ಶಾಖೆ ದೂರವಿರುವ ಹಳ್ಳಿಗಳಿಗೆ ಇದು ನಿಜಕ್ಕೂ ಉಪಕಾರಿ. ಆದರೆ ಕಾಗದದ ಮೇಲಿನ ಹೆಬ್ಬೆಟ್ಟಿನ ಗುರುತಿನಿಂದ ಸಿಲಿಕೋನ್ ಅಚ್ಚು ಮಾಡಿ ಯಂತ್ರವನ್ನು ವಂಚಿಸಿದ ಪ್ರಕರಣಗಳು ದೇಶದ ಹಲವೆಡೆ ನಡೆದಿವೆ. 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹಣ ಹೋದಾಗ, ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನ ಮೇಲೆಯೇ ಸಂಶಯ ಮೂಡಿತು. ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಆಚೆಗೂ ಜಮೀನು, ಬ್ಯಾಂಕ್ ಖಾತೆ ಇರುವ ಮಂಜೇಶ್ವರದವರು ಅದನ್ನು ಪಕ್ಕದ ಊರಿನ ಸುದ್ದಿಯೆಂದು ಬಿಡುವಂತಿಲ್ಲ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯವಿದೆ, ಶುಲ್ಕವಿಲ್ಲ. ಬೀಗ ಹಾಕಿದ ಮೇಲೆ ಕದ್ದ ಬೆರಳಚ್ಚು ಕೆಲಸಕ್ಕೆ ಬಾರದು. ರೇಷನ್ ಅಂಗಡಿಯಲ್ಲೋ ಪಿಂಚಣಿದಾರರು ಬದುಕಿದ್ದಾರೆಂದು ದೃಢಪಡಿಸುವ ಮಸ್ಟರಿಂಗ್‌ನಲ್ಲೋ ಬೆರಳಿಡಬೇಕಾದಾಗ ತಾತ್ಕಾಲಿಕವಾಗಿ ತೆರೆದರಾಯಿತು. ಆದರೆ ಇದಕ್ಕೆ ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ನಿಮ್ಮ ಕೈಯಲ್ಲಿರಬೇಕು. ಗಲ್ಫಿಗೆ ಹೋದ ಮಗನ ಹಳೆಯ ಸಂಖ್ಯೆಯೇ ತಾಯಿಯ ಆಧಾರಿನಲ್ಲಿ ಉಳಿದುಬಿಟ್ಟಿರುವುದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ಬಳಸದೆ ಬಿಟ್ಟ ಸಂಖ್ಯೆಯನ್ನು ಕಂಪೆನಿ ಮುಂದೆ ಬೇರೊಬ್ಬರಿಗೆ ಕೊಡುತ್ತದೆ, ತಾಯಿಯ ಓಟಿಪಿ ಆ ಅಪರಿಚಿತರಿಗೆ ಹೋಗುತ್ತದೆ. ಮೊದಲು ಅದನ್ನು ಸರಿಪಡಿಸಿ.

ಪ್ರತಿ ಕೊಡುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಅದರ ಮೇಲೆ ಉದ್ದೇಶ, ದಿನಾಂಕ ಬರೆಯಿರಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದು ಸಂಚಾರ್ ಸಾಥಿ ಜಾಲತಾಣದಲ್ಲಿ ಸಿಗುತ್ತದೆ.

ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಬ್ಯಾಂಕಿನದೂ ಆಗಿರದಿದ್ದರೆ, ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟದ ಹೊರೆಯಿಲ್ಲ. ಮಲಯಾಳದಲ್ಲಿ ಬರೆದುಕೊಡುವವರನ್ನು ಹುಡುಕುತ್ತ ಈ ದಿನಗಳನ್ನು ಕಳೆಯಬೇಡಿ. ಇಲ್ಲಿನ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶವನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಪೊಲೀಸ್ ಠಾಣೆಗೆ ಕೊಡುವ ದೂರನ್ನು ಕನ್ನಡದಲ್ಲೇ ಬರೆಯಿರಿ.