ಮೇಲಿಂದ ನೋಡಿದರೆ ನಮ್ಮ ಪುಂಡಿ ಗಾಂಜಾ ಥರ ಕಾಣುತ್ತಾ?

ಓದುಗರ ಪ್ರಶ್ನೆ: "ನಮಸ್ಕಾರ್ರೀ ಸರ. ನಮ್ಮದು ಇಂಡಿ ತಾಲೂಕು. ಪುಣೆಗೆ ಬಂದು ಹದಿನೆಂಟು ವರ್ಷ ಆತು. ಚಾಕಣ ಹತ್ರ ಇಪ್ಪತ್ತು ಗುಂಟೆ ಹೊಲ ಲಾವಣಿಗೆ (ಗೇಣಿಗೆ) ಹಿಡದೀನಿ. ತೊಗರಿ, ಬೆಂಡಿ ಅದಾವ, ಬದುವಿನ ಗುಂಟ ಪುಂಡಿ ಹಾಕೀನಿ. ಎರಡು ದಿನದಿಂದ ಮ್ಯಾಲ ಡ್ರೋನ್ ತಿರಗಲಿಕತ್ತದ. ಸರ್ಕಾರದವರು ಡ್ರೋನ್ ಬಿಟ್ಟು ಗಾಂಜಾ ಹುಡುಕ್ತಾರಂತ. ನಿಮ್ಮ ಪುಂಡಿ ಎಲಿ ಥೇಟ್ ಗಾಂಜಾದಂಗ ಅದ ಅಂತ ಬಾಜೂ ಹೊಲದವರು ಹೆದರಿಸ್ಯಾರ. ಕಿತ್ತು ಒಗೀಲೇನ್ರಿ?"

ಕೀಳಬೇಡಿ ಕಾಕಾ. ಪುಣೆಯ ಮಂಡಿಯಲ್ಲಿ ಒಳ್ಳೆ ಪುಂಡಿ ಸೊಪ್ಪು ಸಿಗುವುದೇ ಕಷ್ಟ. ಸಿಕ್ಕರೂ 'ಅಂಬಾಡಿ' ಅಂತ ಕೇಳಬೇಕು, ಬಾಡಿದ ಎರಡು ಕಟ್ಟು ಕೊಡುತ್ತಾರೆ. ಬದುವಿನ ಮೇಲೆ ಎಳೆ ಪುಂಡಿ ಇಟ್ಟುಕೊಂಡು ಯಾರೋ ಹೆದರಿಸಿದರು ಅಂತ ಕಿತ್ತರೆ ನಷ್ಟ ನಿಮಗೇ.

ಆದರೆ ಬಾಜೂ ಹೊಲದವರು ಸುಮ್ನೆ ಹೇಳಿದ್ದಲ್ಲ. ನಾವು ಪುಂಡಿ ಅನ್ನುವುದರಲ್ಲಿ ಎರಡು ಜಾತಿ ಇವೆ. ನಾರು ತೆಗೆದು ಹಗ್ಗ ಹೊಸೆಯುವ ಜಾತಿಯ ಸಸ್ಯಶಾಸ್ತ್ರದ ಹೆಸರು ಹೈಬಿಸ್ಕಸ್ ಕ್ಯಾನಬಿನಸ್. ಕ್ಯಾನಬಿನಸ್ ಅಂದರೆ ಗಾಂಜಾ ಗಿಡದಂಥದ್ದು ಅಂತಲೇ ಅರ್ಥ. ಹೆಸರಿಟ್ಟವರಿಗೂ ನಿಮ್ಮ ನೆರೆಯವರಿಗೆ ಕಂಡದ್ದೇ ಕಂಡಿದೆ. ಬೆರಳು ಬಿಡಿಸಿದಂಥ ಎಲೆ, ಅಂಚಿಗೆ ಗರಗಸದ ಹಲ್ಲು.

ಕೈಯಲ್ಲಿ ಹಿಡಿದರೆ ಮಾತ್ರ ಗುಟ್ಟು ರಟ್ಟಾಗುತ್ತದೆ. ಪುಂಡಿ ಎಲೆ ಎಷ್ಟೇ ಸೀಳಿದ್ದರೂ ಬುಡದಲ್ಲಿ ಒಂದೇ ಎಲೆ. ಗಾಂಜಾದಲ್ಲಿ ಒಂದೊಂದು ಬೆರಳೂ ಬೇರೆ ಬೇರೆ, ಎಲ್ಲ ಒಂದು ತೊಟ್ಟಿನ ತುದಿಗೆ ಬಂದು ಸೇರುತ್ತವೆ. ಪುಂಡಿಗೆ ನಡುವೆ ಕಡುಕೆಂಪು ಇರುವ ದೊಡ್ಡ ಹಳದಿ ಹೂವು ಬರುತ್ತದೆ. ಗಾಂಜಾಕ್ಕೆ ಹಾಗೆ ಕಣ್ಣಿಗೆ ಬೀಳುವ ಹೂವಿಲ್ಲ, ತುದಿಯಲ್ಲಿ ಅಂಟಂಟಾದ ಹಸಿರು ತೆನೆ, ಜೊತೆಗೆ ದೂರಕ್ಕೇ ಬಡಿಯುವ ವಾಸನೆ. ಇನ್ನು ಪುಂಡಿ ಎಲೆ ಬಾಯಿಗೆ ಹಾಕಿದರೆ ಹುಳಿ. ಇದನ್ನು ಇಂಡಿಯವರಿಗೆ ನಾನು ಹೇಳಬೇಕಾ?

ತೊಂದರೆ ಏನೆಂದರೆ, ಡ್ರೋನ್ ಎಲೆ ಕಿತ್ತು ಬಾಯಿಗೆ ಹಾಕುವುದಿಲ್ಲ.

ಕಳೆದ ವರ್ಷ ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ಇಟ್ಟುಕೊಂಡ ಗೆಳೆಯನ ಜೊತೆ ಮಂಚರ್ ಕಡೆ ಹೋಗಿದ್ದೆ. ಹೊಲ ಅಳೆಯಲು ಅವನ ಹತ್ತಿರ ಒಂದು ಸಣ್ಣ ಡ್ರೋನ್ ಕೂಡ ಇದೆ. ಅದು ಮೇಲಿದ್ದಾಗ ಪರದೆ ನನ್ನ ಕೈಗೆ ಕೊಟ್ಟು, "ಬೆಂಡೆ ಯಾವುದು ಹೇಳು" ಅಂದ. ನಾನು ತೋರಿಸಿದ್ದು ಬದನೆ. ಸುಮಾರು 20 ಮೆಗಾಪಿಕ್ಸೆಲ್‌ನ ಸಾಧಾರಣ ಕ್ಯಾಮೆರಾ 100 ಮೀಟರ್ ಎತ್ತರದಲ್ಲಿದ್ದರೆ, ಚಿತ್ರದ ಒಂದು ಚುಕ್ಕೆಗೆ ನೆಲದ ಮೇಲೆ ಹೆಚ್ಚುಕಮ್ಮಿ 2.7 ಸೆಂ.ಮೀ. ಜಾಗ ಬರುತ್ತದೆ. ಒಂದು 10 ರೂಪಾಯಿ ನಾಣ್ಯದಷ್ಟು. ಗಾಂಜಾ ಎಲೆಯ ಒಂದು ಬೆರಳು ಅಷ್ಟು ಅಗಲವೂ ಇರುವುದಿಲ್ಲ. ಅಂದರೆ ಎಲೆಯ ಆಕಾರವೇ ಚಿತ್ರದಲ್ಲಿ ಮೂಡುವುದಿಲ್ಲ, ಹಸಿರು ಗುಪ್ಪೆ ಮಾತ್ರ. ಆಕಾರ ಬೇಕೆಂದರೆ ಡ್ರೋನ್ ಕೆಳಗಿಳಿಯಬೇಕು, ಇಲ್ಲ ಜೂಮ್ ಲೆನ್ಸ್ ಇರಬೇಕು.

ಹಾಗಾದರೆ ಹುಡುಕುವವರು ಏನು ನೋಡುತ್ತಾರೆ? ಗಾಂಜಾವನ್ನಲ್ಲ, 'ಇಲ್ಲೇನೋ ಬೇರೆ ಇದೆ' ಅನ್ನುವುದನ್ನು.

ಗಾಂಜಾವನ್ನು ಯಾರೂ ರಸ್ತೆ ಪಕ್ಕ ಇಡೀ ಹೊಲಕ್ಕೆ ಹಾಕುವುದಿಲ್ಲ ಅಲ್ವಾ? ಮಹಾರಾಷ್ಟ್ರದಲ್ಲಿ ಇದಕ್ಕೆ ಮತ್ತೆ ಮತ್ತೆ ಹೆಸರು ಕೇಳಿಬರುವುದು ಧುಳೆ ಜಿಲ್ಲೆಯ ಶಿರಪುರ ತಾಲೂಕು, ಸಾತಪುಡಾ ಬೆಟ್ಟದ ಬುಡ. ಅಲ್ಲಿ ಹತ್ತಿ, ತೊಗರಿ, ಮೆಕ್ಕೆಜೋಳದ ನಡುವೆ, ಕಾಡಿನ ಜಾಗದಲ್ಲಿ ಬಚ್ಚಿಟ್ಟು ಬೆಳೆಯುತ್ತಾರೆ. ಮಳೆಗಾಲಕ್ಕೆ ಬಿತ್ತಿದ್ದು ದೀಪಾವಳಿ ಹೊತ್ತಿಗೆ ತೆನೆ ಬಿಡುತ್ತದೆ. ಆಗ ಸುತ್ತಲಿನ ಮೆಕ್ಕೆಜೋಳ ಒಣಗಿ ಹಳದಿಯಾಗಿರುತ್ತದೆ, ನಡುವೆ ಒಂದು ತುಂಡು ಮಾತ್ರ ಹಚ್ಚಹಸಿರು. ಬಚ್ಚಿಟ್ಟವನನ್ನು ಹಿಡಿದುಕೊಡುವುದು ಆ ಹಸಿರು. ಇನ್ನೊಂದು, ಕಾಡಿನೊಳಗೆ ಹೊಸದಾಗಿ ತುಳಿದ ಕಾಲುದಾರಿ. ಊರೇ ಇಲ್ಲದ ಕಡೆ ನೀರಿನ ಪೈಪು ಹರಿದಿದ್ದರಂತೂ ಬೇರೆ ಸಾಕ್ಷಿ ಬೇಡ.

ಇದಕ್ಕೆ ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾ, ಅಂದರೆ ಬೆಳಕಿನ ಬೇರೆ ಬೇರೆ ಬಣ್ಣಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಕ್ಯಾಮೆರಾ ನೆರವಾಗುತ್ತದೆ. ಚೆನ್ನಾಗಿರುವ ಎಲೆ ಕೆಂಪು ಬೆಳಕನ್ನು ನುಂಗುತ್ತದೆ, ನಮ್ಮ ಕಣ್ಣಿಗೆ ಕಾಣದ ಅತಿಗೆಂಪಿನ ಅಂಚಿನ ಬೆಳಕನ್ನು ವಾಪಸ್ ಎಸೆಯುತ್ತದೆ. ಎಷ್ಟು ನುಂಗಿತು, ಎಷ್ಟು ಎಸೆಯಿತು ಅನ್ನುವ ಲೆಕ್ಕ ಬೆಳೆಯಿಂದ ಬೆಳೆಗೆ ಸ್ವಲ್ಪ ಬದಲಾಗುತ್ತದೆ. ಆ ಲೆಕ್ಕ ಹಿಡಿದು ಸಾಫ್ಟ್‌ವೇರ್ ಅನುಮಾನದ ಜಾಗಗಳಿಗೆ ಗುರುತು ಹಾಕುತ್ತದೆ. ಒಂದೇ ಬೆಳೆಯ ದೊಡ್ಡ ತಾಕಾದರೆ ಕೆಲಸ ಸುಲಭ. ನಿಮ್ಮ ಹೊಲದಂತೆ ತೊಗರಿ, ಬೆಂಡೆ, ಪುಂಡಿ ಕಲಸಿದ್ದರೆ ಅದಕ್ಕೂ ತಲೆ ಕೆಡುತ್ತದೆ. ನೀರು ಕಮ್ಮಿಯಾದ ಗಿಡ, ಗೊಬ್ಬರ ಜಾಸ್ತಿಯಾದ ಗಿಡ ಕೂಡ 'ಬೇರೆ' ಅಂತಲೇ ಕಾಣುತ್ತವೆ.

ಉಪಗ್ರಹದಿಂದಲೂ ನೋಡುತ್ತಾರೆ. ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆ ಎನ್‌ಸಿಬಿ, ಬಾಹ್ಯಾಕಾಶ ಇಲಾಖೆಯ ಸಿಕಂದರಾಬಾದಿನ ಅಡ್ರಿನ್ ಸಂಸ್ಥೆಯಿಂದ ಉಪಗ್ರಹ ಚಿತ್ರ ಪಡೆದು ಗಸಗಸೆ, ಗಾಂಜಾ ಬೆಳೆ ಹುಡುಕಿಸುತ್ತದೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದಾದ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ 10 ಮೀಟರ್ ಚೌಕ. ಹೆಚ್ಚುಕಮ್ಮಿ ಒಂದು ಗುಂಟೆ. ನಿಮ್ಮ ಇಡೀ ಹೊಲ ಅದರಲ್ಲಿ ಇಪ್ಪತ್ತು ಚುಕ್ಕೆ, ಬದುವಿನ ಪುಂಡಿಗೆ ಒಂದೂ ಬರುವುದಿಲ್ಲ.

ಆಂಧ್ರದಲ್ಲಿ ಈ ಕೆಲಸ ದೊಡ್ಡದಾಗಿಯೇ ನಡೆದಿದೆ. 2021ರ ಕೊನೆಗೆ ವಿಶಾಖಪಟ್ಟಣದ ಗುಡ್ಡಗಾಡಿನಲ್ಲಿ 'ಪರಿವರ್ತನ' ಅಂತ ಕಾರ್ಯಾಚರಣೆ ಮಾಡಿ ಸಾವಿರಾರು ಎಕರೆ ಗಾಂಜಾ ಕಡಿದು ಹಾಕಿದರು. 2022ರ ಫೆಬ್ರುವರಿಯಲ್ಲಿ ಅನಕಾಪಲ್ಲಿ ಹತ್ತಿರ, ಬೇರೆ ಬೇರೆ ಕಡೆ ಹಿಡಿದಿಟ್ಟಿದ್ದ ಸುಮಾರು 2 ಲಕ್ಷ ಕೆ.ಜಿ. ಗಾಂಜಾ ಸುಟ್ಟರು. ಅಂಥ ಗುಡ್ಡಗಳಲ್ಲಿ ಡ್ರೋನ್‌ನಿಂದ ನಿಜಕ್ಕೂ ಲಾಭ ಇದೆ. ಪೊಲೀಸರು ಅರ್ಧ ದಿನ ನಡೆದು ಹತ್ತುವ ದಿಬ್ಬವನ್ನು ಅದು ಹತ್ತು ನಿಮಿಷದಲ್ಲಿ ನೋಡಿ ಬರುತ್ತದೆ. ಚಾಕಣದ ಲಾವಣಿ ಹೊಲಕ್ಕೆ ಅಷ್ಟೆಲ್ಲ ಬೇಕಿಲ್ಲ, ಅಲ್ಲಿಗೆ ಬೈಕೇ ಬರುತ್ತದೆ.

ತಪ್ಪು ಆಗುವುದೇ ಇಲ್ಲ ಅಂತಲ್ಲ. 2014ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹೆಲಿಕಾಪ್ಟರಿನಲ್ಲಿ ಗಾಂಜಾ ಹುಡುಕುತ್ತಿದ್ದವರು ಒಬ್ಬ ನಿವೃತ್ತರ ಮನೆಯ ಹಿತ್ತಲು ನೋಡಿ ಅನುಮಾನಪಟ್ಟರು. ಪೊಲೀಸರು ಆಯುಧ ಸಮೇತ ಮನೆಗೆ ಬಂದರು. ಸಿಕ್ಕಿದ್ದು ಬೆಂಡೆಗಿಡ! ನಿಮ್ಮ ಹೊಲದಲ್ಲಿ ಪುಂಡಿಗಿಂತ ಬೆಂಡೆಯೇ ಜಾಸ್ತಿ ಅನುಮಾನದ್ದು ಅನ್ನಿ.

ಈಗ ಕಾನೂನಿನ ಮಾತು. 1985ರ ಮಾದಕವಸ್ತು ತಡೆ ಕಾಯ್ದೆ (ಎನ್‌ಡಿಪಿಎಸ್) ಪ್ರಕಾರ ಪರವಾನಗಿ ಇಲ್ಲದೆ ಗಾಂಜಾ ಗಿಡ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ತೆನೆ ಇಲ್ಲದ ಬರೀ ಎಲೆ, ಬೀಜವನ್ನು ಕಾಯ್ದೆ ಗಾಂಜಾ ಅನ್ನುವುದಿಲ್ಲ. ಆದರೆ ಗಿಡ ಬೆಳೆಸುವುದೇ ಅಪರಾಧ, ಹಾಗಾಗಿ 'ಭಂಗಿ ಸೊಪ್ಪಿಗಾಗಿ ಎರಡೇ ಗಿಡ' ಅನ್ನುವ ವಾದ ನಿಲ್ಲುವುದಿಲ್ಲ.

ಹಾಗಂತ ಡ್ರೋನ್ ಚಿತ್ರ ಒಂದನ್ನೇ ಹಿಡಿದು ಗಿಡ ಗಾಂಜಾ ಅಂತ ಸಾಬೀತು ಮಾಡಲು ಆಗುವುದಿಲ್ಲ. ಅದು ಪೊಲೀಸರಿಗೆ ಬಂದ ಸುಳಿವು ಅಷ್ಟೆ. ಹೊಲಕ್ಕೆ ಬರಬೇಕು, ಪಂಚರ ಮುಂದೆ ಪಂಚನಾಮೆ ಆಗಬೇಕು, ಮಾದರಿ ತೆಗೆದು ಲ್ಯಾಬಿಗೆ ಕಳಿಸಬೇಕು. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಜಾಗಕ್ಕೆ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧ, ಜಪ್ತಿಯನ್ನು ವಿಡಿಯೊ ಮಾಡಲೇಬೇಕು ಅನ್ನುತ್ತದೆ. ಬೆಂಡೆಗಿಡ ಆ ಹಂತದವರೆಗೆ ಹೋಗುವುದೇ ಇಲ್ಲ, ಬಂದ ಪೊಲೀಸಪ್ಪ ಕಾಯಿ ನೋಡಿ ವಾಪಸ್ ಹೋಗುತ್ತಾನೆ.

ನೀವು ಲಾವಣಿಯವರಾದ್ದರಿಂದ ಇನ್ನೊಂದು ಮಾತು, ಇದು ಪುಂಡಿಗಿಂತ ಮುಖ್ಯ. ಸಾತ್‌ಬಾರಾದಲ್ಲಿ (ನಮ್ಮ ಕಡೆಯ ಪಹಣಿ ಇದ್ದಂತೆ) ಹೆಸರು ಮಾಲೀಕರದ್ದು, ದುಡಿಯುವವರು ನೀವು. ಎನ್‌ಡಿಪಿಎಸ್ ಕಾಯ್ದೆಯ 46ನೇ ಕಲಮಿನ ಪ್ರಕಾರ ತನ್ನ ಜಮೀನಿನಲ್ಲಿ ಗಾಂಜಾ ಇರುವುದು ಗೊತ್ತಿದ್ದೂ ಹೇಳದಿದ್ದರೆ ಶಿಕ್ಷೆ ಇದೆ. 47ನೇ ಕಲಮು ಅದೇ ಹೊಣೆಯನ್ನು ಸರಪಂಚರ ಮೇಲೂ ಹಾಕುತ್ತದೆ. ಕಬ್ಬಿನ ಮರೆಯಲ್ಲಿ ಯಾರೋ ನಾಲ್ಕು ಗಿಡ ನೆಟ್ಟಿದ್ದು ಕಣ್ಣಿಗೆ ಬಿದ್ದರೆ ಗುಟ್ಟಾಗಿ ಕಿತ್ತು ಸುಡಲು ಹೋಗಬೇಡಿ. ಊರಿನ ಪೊಲೀಸ್ ಪಾಟೀಲರಿಗೆ ಹೇಳಿ, ಇಲ್ಲ 112ಕ್ಕೆ ಫೋನ್ ಮಾಡಿ. ತಾನಾಗೇ ಹುಟ್ಟಿದ ಗಿಡಕ್ಕೆ 'ಬೆಳೆಸಿದ' ಅನ್ನಲಾಗದು ಅಂತ ಸುಪ್ರೀಂ ಕೋರ್ಟ್ 2004ರಲ್ಲಿ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಹೇಳಿದೆ. ಆದರೆ ಅಲ್ಲಿಯವರೆಗೆ ಕೋರ್ಟು ಹತ್ತಿ ಇಳಿಯುವ ಹಣೆಬರಹ ಯಾಕೆ? ಮಾಲೀಕರಿಗೆ ಹೇಳಿ, ಬೆಳೆ ದಾಖಲಿಸುವ ಸರ್ಕಾರಿ ಆ್ಯಪ್ ಇ-ಪೀಕ್ ಪಾಹಣಿಯಲ್ಲಿ ಬೆಳೆಯ ಫೋಟೊ ಹಾಕಿಸಿ. ಹೊಲದಲ್ಲಿ ಏನಿತ್ತು ಅನ್ನುವುದಕ್ಕೆ ತಾರೀಖಿನ ಸಮೇತ ದಾಖಲೆ ಆಯಿತು.

ಕೊನೆಗೆ, ನಿಮ್ಮ ತಲೆ ಮೇಲೆ ತಿರುಗಿದ್ದು ಗಾಂಜಾ ಡ್ರೋನೇ ಅಂತ ಹೇಗೆ ಗೊತ್ತು? ಪುಣೆ ಜಿಲ್ಲೆಯ ಆಕಾಶದಲ್ಲಿ ಈಗ ಊರಿನ ಜಾಗ ಅಳೆಯುವ ಡ್ರೋನ್ ಇದೆ, ಔಷಧಿ ಹೊಡೆಯುವುದಿದೆ, ಮದುವೆ ವಿಡಿಯೊದ್ದೂ ಇದೆ. ಕತ್ತಲಾದ ಮೇಲೆ ತಿರುಗುತ್ತಿತ್ತಾ ಅಂತ ನಾನು ಫೋನಿನಲ್ಲಿ ಕೇಳಿದ್ದಕ್ಕೆ ನೀವು "ಹೌದ್ರಿ, ಸಂಜಿ ಏಳರ ಮ್ಯಾಲೇ" ಅಂದಿರಿ. ಅನುಮಾನ ಬಂದದ್ದು ಅಲ್ಲೇ. ಗಿಡದ ಬಣ್ಣ ನೋಡಲು ಬಿಸಿಲು ಬೇಕು. ರಾತ್ರಿ ಹಾರಿಸುವುದು ಶಾಖ ನೋಡುವ ಥರ್ಮಲ್ ಕ್ಯಾಮೆರಾ. ಹೊಲದ ಗಾಂಜಾಕ್ಕೆ ಮೈ ಬಿಸಿ ಇರುವುದಿಲ್ಲ. ಫ್ಲ್ಯಾಟಿನೊಳಗೆ ದೊಡ್ಡ ದೀಪ ಹಾಕಿ ಬೆಳೆಸುವವರನ್ನು ಹಿಡಿಯಲು ವಿದೇಶದಲ್ಲಿ ಅದನ್ನು ಬಳಸಿದ್ದಾರೆ. ವಾರಂಟ್ ಇಲ್ಲದೆ ಮನೆಯ ಶಾಖ ಹಾಗೆ ನೋಡುವಂತಿಲ್ಲ ಅಂತ 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದೂ ಒಂದು ಗಾಂಜಾ ಪ್ರಕರಣದಲ್ಲೇ. ಬಟಾಬಯಲಿನ ಹೊಲದಲ್ಲಿ ಅದಕ್ಕೆ ಕಾಣುವುದು ಮೈ ಬಿಸಿ ಇರುವ ಪ್ರಾಣಿ.

ಪೊಲೀಸ್ ಪಾಟೀಲರನ್ನು ಕೇಳಿ ನೋಡಿ ಅಂದಿದ್ದೆ. ಮಾರನೇ ದಿನ ಕಾಕಾನ ವಾಯ್ಸ್ ಮೆಸೇಜ್ ಬಂತು: "ಅರಣ್ಯ ಇಲಾಖೆಯವರಂತ್ರಿ. ಕಬ್ಬಿನ್ಯಾಗ ಚಿರತಿ ಹೊಕ್ಕದಂತ, ಅದನ್ನ ಹುಡಕಲಿಕತ್ತಾರ. ಪುಂಡಿದು ಬಿಡ್ರಿ ಸರ, ಈಗ ರಾತ್ರಿ ನೀರು ಹಾಯ್ಸಲಿಕ್ಕೆ ಹ್ಯಾಂಗ ಹೋಗ್ಲಿ ಅದನ್ನ ಹೇಳ್ರಿ."